ದೊಡ್ಡರೋಗವೂ ದಡಾರವೂ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಒಂದು ವಿಚಾರ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕನ್ನಡನಾಡಿನಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳೊಳಗೆ ಸೇರಿದುವು. ಹಿರಿಯೂರಿನ ಮಾರಿಕಣಿವೆಯನ್ನು ದಾಟಿ ಬರುವ ವೇದಾವತಿಯು ಈ ಸೀಮೆಯಲ್ಲಿ ಹರಿಯುವುದಾದರೂ ವರ್ಷದ ಬಹುಭಾಗ ಅದರ ಪಾತ್ರದಲ್ಲಿ ಮರಳೇ ಕಾಣುವುದು. ಇಂಥ ನೆಲದಲ್ಲಿ ಬೇಸಾಯಕ್ಕಿಂತ ಪಶುಪಾಲನೆಯು ಹಳೆಯದು. ನೆಚ್ಚಿಗೆಗೂ ಹೆಚ್ಚು ತಕ್ಕುದು. ಕುರಿ, ಮೇಕೆ, ದನಗಳೇ ಇಲ್ಲಿಯ ಜನಕ್ಕೆ ಬಹುಕಾಲ ಐಶ್ವರ್ಯವಾಗಿದ್ದುವು. ಆದುದರಿಂದ ಇಲ್ಲಿ ದನಕ್ಕೆ ಬಂದ ಮಾರಿಯು ಮನೆಗೆ ಬಂದ ಮಾರಿಯಷ್ಟೇ ಭಯಂಕರವಾಗಿತ್ತು.

ಈ ಎರಡು ಮಾರಿಗಳಲ್ಲಿ ಒಂದೊಂದಕ್ಕೆ ಒಂದೊಂದು ಹೆಸರುಂಟು. ದನಗಳಿಗೆ ಬರುತ್ತಿದ್ದುದು ದೊಡ್ಡರೋಗ. ಇಂಗ್ಲಿಷಿನವರು ರಿಂಡರ್‌ಪೆಸ್ಟ್ ಎಂದು ಕರೆದುದು ಇದನ್ನೇ. ಮಕ್ಕಳಿಗೆ ಬರುವುದು ದಡಾರ. ಸಿಡುಬಿನಂತೆ ಇದನ್ನೂ ಹೆಸರು ಹಿಡಿದು ಕರೆಯದೆ ‘ಅಮ್ಮ ಬಂದಿದ್ದಾಳೆ’ ಎಂದು ಹೇಳುವುದು ಹಳ್ಳಿಗಳ ವಾಡಿಕೆ. ದನದ ಬೇನೆಗೂ ಮಗುವಿನ ಬೇನೆಗೂ ಹರಕೆ ಸಲ್ಲುತ್ತಿದ್ದುದು ಒಬ್ಬ ದೇವತೆಗೇ, ಆಕೆ ಮಾರಮ್ಮ. ಭಾದ್ರಪದದಲ್ಲಿ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಈರುಳ್ಳಿಯನ್ನೂ ಬೇವಿನ ಸೊಪ್ಪನ್ನೂ ಹಿಡಿದು ಬರುವ ಜನಸಮುದಾಯವನ್ನು ಕಂಡವರಿಗೆ ಆ ದೇವತೆಯ ಪ್ರಭಾವವನ್ನು ವಿವರಿಸಬೇಕಾಗಿಲ್ಲ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಿಜ್ಞಾನಿಗಳು ಒಂದು ವಿಷಯವನ್ನು ಸ್ಥಾಪಿಸಿದರು. ದೊಡ್ಡರೋಗವನ್ನುಂಟುಮಾಡುವ ವೈರಾಣುವೂ ದಡಾರವನ್ನುಂಟುಮಾಡುವ ವೈರಾಣುವೂ ಒಂದೇ ವಂಶದ ಹತ್ತಿರದ ದಾಯಾದಿಗಳು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವೂ ಹೊರಬಿತ್ತು. ದೇಹದ ರೋಗರಕ್ಷಕ ಕಣಗಳಲ್ಲಿ ಯಾವ ಜೀನು ಎಚ್ಚರಗೊಳ್ಳಬೇಕು, ಯಾವುದು ಮಲಗಿರಬೇಕು ಎಂಬ ವ್ಯವಸ್ಥೆಯನ್ನೇ ಕೆಡಿಸುವ ಒಂದು ಪ್ರೋಟೀನು ಈ ಎರಡು ವೈರಾಣುಗಳಲ್ಲಿಯೂ ಇದೆ. ಹಾಗಾದರೆ ದನದ ರೋಗವನ್ನೂ ಮಗುವಿನ ರೋಗವನ್ನೂ ಒಬ್ಬ ತಾಯಿಯ ಅಧೀನದಲ್ಲಿಟ್ಟ ಹಳ್ಳಿಗರಿಗೆ ಈ ಬಾಂಧವ್ಯವು ಮೊದಲೇ ತಿಳಿದಿತ್ತೆ? ಪ್ರಶ್ನೆಯು ಆಕರ್ಷಕವಾದುದು, ಉತ್ತರವನ್ನು ಮಾತ್ರ ಅವಸರದಿಂದ ಕೊಡತಕ್ಕುದಲ್ಲ. ಮೊದಲು ಸೀಮೆಯ ಚರಿತ್ರೆಯನ್ನೂ, ಆಮೇಲೆ ರೋಗಗಳ ಚರಿತ್ರೆಯನ್ನೂ ನೋಡುವುದು ಉಚಿತ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದುದು ಸರ್ವವಿದಿತವಾಗಿದೆ. ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆ ಆಜ್ಞೆಯಲ್ಲಿ ತಂದೆತಾಯಿಗಳ ಶುಶ್ರೂಷೆ, ಸತ್ಯವಚನಗಳ ಜೊತೆಗೆ ಪ್ರಾಣಿಗಳಲ್ಲಿ ದಯೆಯನ್ನು ದೃಢವಾಗಿಡಬೇಕೆಂಬ ವಿಧಿಯೂ ಸೇರಿದೆ. ಮನುಷ್ಯರಿಗೊಂದು, ಪಶುಗಳಿಗೊಂದು ಎಂದು ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿದ ವಿಷಯವು ಇಲ್ಲಿಯ ಬಂಡೆಗಳಲ್ಲಿಲ್ಲ. ಅದು ಅದೇ ಅರಸನ ಎರಡನೆಯ ಮಹಾಶಿಲಾಶಾಸನದ ಮಾತು. ಎರಡನ್ನೂ ಬೆರಸಿ ಬ್ರಹ್ಮಗಿರಿಯಲ್ಲಿ ಪಶುವೈದ್ಯಶಾಲೆಯಿತ್ತೆಂದು ಹೇಳಲು ಆಧಾರವಿಲ್ಲ. ಆದರೆ ಕ್ರಿ.ಪೂ. 3ನೆಯ ಶತಮಾನದಲ್ಲಿಯೇ ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರಾಜ್ಯಾಡಳಿತವು ಈ ಸೀಮೆಯವರೆಗೆ ಹಬ್ಬಿತ್ತೆಂಬುದು ನಿಶ್ಚಯ.

ಅಶೋಕನಿಗಿಂತ ಬಹು ಹಿಂದೆಯೇ ಇಲ್ಲಿ ದನಗಾಹಿಗಳಿದ್ದರು. ಬ್ರಹ್ಮಗಿರಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಹೆಚ್ಚು ಕ್ರಮಬದ್ಧವಾಗಿ ಅಗೆಸಿ ನಯಗೊಳಿಸಿದ ಕಲ್ಲುಕೊಡಲಿಗಳ ಸಂಸ್ಕೃತಿಯನ್ನು ಕೆಳಪದರದಲ್ಲಿ ಗುರುತಿಸಿದರು. ವೀಲರ್ ಅವರು ಆ ಪದರಕ್ಕೆ ಕ್ರಿ.ಪೂ. ಒಂದನೆಯ ಸಹಸ್ರಮಾನದ ಆರಂಭವನ್ನು ಕೊಟ್ಟಿದ್ದರು. ಆಮೇಲೆ ಇಂಗಾಲದ ವಿಕಿರಣದಿಂದ ಕಾಲವನ್ನು ಅಳೆಯುವ ವಿಧಾನವು ಬಂದು ದಕ್ಷಿಣದ ನವಶಿಲಾಯುಗವು ಕ್ರಿ.ಪೂ. ಮೂರನೆಯ ಸಹಸ್ರಮಾನದವರೆಗೆ ಹಿಂದೆ ಸರಿಯಿತು. ಉತ್ತರಕ್ಕಿರುವ ಬೂದಿದಿಬ್ಬಗಳು ದನದ ದೊಡ್ಡಿಗಳಲ್ಲಿ ಸೇರಿದ ಸಗಣಿಯನ್ನು ಸುಟ್ಟುದರಿಂದ ಆದುವೆಂದು ಎಫ್. ಆರ್. ಆಲ್ಚಿನ್ ಅವರು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದರು. ಆ ಬೆಂಕಿಗೂ ಸಂಕ್ರಾಂತಿಯ ದಿನ ದನಗಳನ್ನು ಕಿಚ್ಚು ಹಾಯಿಸುವ ಈಗಿನ ಆಚಾರಕ್ಕೂ ನಂಟುಂಟೆ ಎಂಬ ವಿಚಾರ ಬಹು ಸ್ವಾರಸ್ಯವಾದುದು. ಅದು ಬೇರೆ ಲೇಖನಕ್ಕೆ ವಿಷಯ.

ಕನ್ನಡ ಸಾಹಿತ್ಯದ ಉಪಾಧ್ಯಾಯರಿಗೆ ಈ ಸಂದರ್ಭದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ವು ನೆನಪಿಗೆ ಬರದಿರದು. ಚಾಳುಕ್ಯ ರಾಜವಂಶಕ್ಕೆ ಸೇರಿದ ಈ ಜೈನಕವಿಯು 12ನೆಯ ಶತಮಾನದ ಮೊದಲ ಭಾಗದಲ್ಲಿ ದನಗಳ ವೈದ್ಯವನ್ನು ಕನ್ನಡದಲ್ಲಿ ಬರೆದನು. ಔಷಧದ ಜೊತೆಗೆ ಮಂತ್ರವೂ ಅದರಲ್ಲಿ ಕಲೆತಿದೆಯೆಂಬ ಕಾರಣದಿಂದ ಅದನ್ನು ಕಡೆಗಣಿಸುವುದು ನ್ಯಾಯವಲ್ಲ. ಔಷಧಕ್ಕೆ ಬಗ್ಗದ ರೋಗವಿದ್ದಾಗ ಮಂತ್ರವನ್ನು ಹೇಳದ ವೈದ್ಯನು ಆ ಕಾಲದಲ್ಲಿ ಯಾವ ದೇಶದಲ್ಲಿಯೂ ಇರಲಿಲ್ಲ.

ಈ ಸೀಮೆಯ ಮ್ಯಾಸಬೇಡರಲ್ಲಿಯೂ ಕಾಡುಗೊಲ್ಲರಲ್ಲಿಯೂ ‘ದೇವರ ಎತ್ತು’ಗಳೆಂಬ ಮಂದೆಗಳುಂಟು. ಇವುಗಳ ಹೆಗಲಿಗೆ ನೊಗವಿಡುವುದಿಲ್ಲ. ಇವುಗಳನ್ನು ಕಾಯುವವನು ಕಿಲಾರಿ. ಅವನಿಗೆ ಆ ಕೆಲಸವು ಜೀವನೋಪಾಯವಾಗಿರುವುದಕ್ಕಿಂತ ವ್ರತವೆಂಬುದೇ ಸರಿ. ಜುಂಜಪ್ಪ, ಎತ್ತಪ್ಪ, ಗಾದ್ರಿ ಪಾಲನಾಯಕರ ಕಥನಗೀತೆಗಳೆಲ್ಲ ದನಗಾಹಿ ವೀರರ ಚರಿತ್ರೆಗಳೇ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರ ಕಂಠದಲ್ಲಿದ್ದ ಹಾಡುಗಳು ಸಂಗ್ರಹವಾದ ಮೇಲೆ ಈ ಸಾಹಿತ್ಯದ ವಿಸ್ತಾರವು ಪಂಡಿತರಿಗೆ ಗೊತ್ತಾಯಿತು. ದನವು ದೇವರ ಪರಿವಾರವಾಗಿರುವಲ್ಲಿ ಮಂದೆಗೆ ಮಂದೆಯೇ ಅಳಿಯುವುದೆಂದರೆ ಆಸ್ತಿನಾಶ ಮಾತ್ರವಲ್ಲ, ಕುಲದೈವಕ್ಕೇ ಬಂದ ವಿಪತ್ತು. ಇದರ ಪಕ್ಕದಲ್ಲಿಯೇ ಸರ್ಕಾರದ ಮಂದೆಗಳೂ ಇದ್ದುವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿ, ಅದರ ದನಗಳಿಗಾಗಿ ಬಿಟ್ಟ ಕಾವಲುಗಳು ಚಳ್ಳಕೆರೆಯ ಬಯಲಿನಲ್ಲಿ ಸಾವಿರಾರು ಎಕರೆಗಳಷ್ಟು ಹರಡಿದ್ದುವು.

ಇನ್ನು ದೊಡ್ಡರೋಗದ ವಿಷಯ. ದನಕ್ಕೆ ಮೊದಲು ಜ್ವರ. ಬಳಿಕ ಕಣ್ಣಿನಲ್ಲಿ ನೀರು, ಬಾಯೊಳಗೆ ಹುಣ್ಣು, ದುರ್ನಾತದ ಭೇದಿ. ಆರರಿಂದ ಹನ್ನೆರಡು ದಿನಗಳೊಳಗಾಗಿ ಸಾವು. ರೋಗವನ್ನು ಎಂದೂ ಕಾಣದ ಮಂದೆಯಲ್ಲಿ ಹತ್ತರಲ್ಲಿ ಎಂಟು ಒಂಬತ್ತು ದನಗಳು ಸಾಯುವುದುಂಟು. 1890ರ ದಶಕದಲ್ಲಿ ಆಫ್ರಿಕದ ಪೂರ್ವ ದಕ್ಷಿಣ ದೇಶಗಳಲ್ಲಿ ಹಾಗೆಯೇ ಆಯಿತು. ಇಂಡಿಯಾದ ದನದ ರೋಗಗಳ ವಿಚಾರಣೆಗಾಗಿ ಸರ್ಕಾರವು 1868ರಲ್ಲಿ ಹ್ಯಾಲನ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನಿಯಮಿಸಿತು. ಅದರ ವರದಿ 1871ರಲ್ಲಿ ಹೊರಟಿತು. 1889ರಲ್ಲಿ ಪುಣೆಯಲ್ಲಿ ಹುಟ್ಟಿದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲೆಬೋರೆಟರಿಯು 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಊರಿನಿಂದ ದೂರವಾದ ಆ ಬೆಟ್ಟವನ್ನು ಆರಿಸಿದುದಕ್ಕೆ ರೋಗವು ಹೊರಬೀಳಬಾರದೆಂಬುದೇ ಮುಖ್ಯ ಕಾರಣ. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ನಿಕೋಲ್ ಮತ್ತು ಆದಿಲ್ ಬೇ ಎಂಬವರು 1902ರಲ್ಲಿ ರೋಗಬೀಜವು ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕವನ್ನೂ ದಾಟಿ ಹೋಗುವುದೆಂದು ತೋರಿಸಿದರು. ಅಂದರೆ ಅದು ವೈರಾಣು.

ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಮ್ ಇನ್‌ಸ್ಟಿಟ್ಯೂಟು 1920ರ ದಶಕದಲ್ಲಿ ಸ್ಥಾಪಿತವಾದುದು ಮುಖ್ಯವಾಗಿ ದೊಡ್ಡರೋಗದ ಸಲುವಾಗಿಯೇ. ಅದೇ ದಶಕದಲ್ಲಿ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬವರು ವೈರಾಣುವನ್ನು ಮೇಕೆಯಿಂದ ಮೇಕೆಗೆ ಸಾಗಿಸುತ್ತ ಅದರ ಕ್ರೌರ್ಯವನ್ನು ಕುಗ್ಗಿಸಿ ದನಗಳಿಗೆ ಲಸಿಕೆಯನ್ನಾಗಿ ಮಾಡಿದರು. 1954ರಲ್ಲಿ ದೇಶವ್ಯಾಪಿಯಾದ ನಿರ್ಮೂಲನ ಕಾರ್ಯವು ಪ್ರಾರಂಭವಾಯಿತು. 1960ರ ಸುಮಾರಿಗೆ ಕೀನ್ಯದಲ್ಲಿ ಪ್ಲೋರೈಟ್ ಅವರು ಗಾಜಿನ ಪಾತ್ರೆಗಳಲ್ಲಿ ಬೆಳಸಿದ ಕಣಗಳಲ್ಲಿ ಇನ್ನೂ ನಿರಪಾಯವಾದ ಲಸಿಕೆಯನ್ನು ಸಿದ್ಧಪಡಿಸಿದರು. ಇಂಡಿಯಾದಲ್ಲಿ ಕೊನೆಯ ಸಲ ರೋಗ ಕಾಣಿಸಿಕೊಂಡುದು 1995ರಲ್ಲಿ, ತಮಿಳುನಾಡಿನಲ್ಲಿ. 2011ರಲ್ಲಿ ಭೂಮಂಡಲದಲ್ಲೆಲ್ಲ ರೋಗವು ಅಳಿಯಿತೆಂದು ಘೋಷಣೆಯಾಯಿತು. ಮನುಷ್ಯನು ಬುದ್ಧಿಪೂರ್ವಕವಾಗಿ ಅಳಿಸಿದ ರೋಗಗಳು ಇಂದಿಗೂ ಎರಡೇ: ಮೊದಲನೆಯದು ಸಿಡುಬು, ಎರಡನೆಯದು ದೊಡ್ಡರೋಗ.

ದಡಾರದ ಚರಿತ್ರೆ ಬೇರೆ ದಾರಿಯಲ್ಲಿ ನಡೆಯಿತು. ಅದನ್ನು ಸಿಡುಬಿನಿಂದ ಬೇರ್ಪಡಿಸಿ ವಿವರಿಸಿದ ಕೀರ್ತಿ 10ನೆಯ ಶತಮಾನದ ಪಾರಸಿಕ ವೈದ್ಯ ಅಲ್ ರಾಝಿಗೆ ಸಲ್ಲುವುದು. 1954ರಲ್ಲಿ ಎಂಡರ್ಸ್, ಪೀಬಲ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಅದರ ವೈರಾಣುವನ್ನು ಬೇರ್ಪಡಿಸಿ ಬೆಳಸಿದರು. 1963ರಲ್ಲಿ ಲಸಿಕೆ ಬಂದಿತು. ವೈರಾಣು ಕೈಗೆ ಸಿಕ್ಕಿದ ಕೆಲವೇ ವರ್ಷಗಳಲ್ಲಿ ಅದಕ್ಕೂ ದನದ ದೊಡ್ಡರೋಗದ ವೈರಾಣುವಿಗೂ ನಾಯಿಗಳ ಡಿಸ್ಟೆಂಪರ್ ವೈರಾಣುವಿಗೂ ಬಾಂಧವ್ಯವಿರುವುದು ಪ್ರಯೋಗಗಳಿಂದ ಕಂಡುಬಂದಿತು. ಒಂದಕ್ಕೆ ವಿರುದ್ಧವಾಗಿ ಹುಟ್ಟಿದ ರಕ್ತದ ಪ್ರತಿವಸ್ತುಗಳು ಮತ್ತೊಂದನ್ನೂ ಗುರುತಿಸುತ್ತಿದ್ದುವು. ಇಂದಿನ ವಿದ್ವಾಂಸರ ಮತವೆಂದರೆ ದಡಾರವು ದನದ ವೈರಾಣುವಿನ ಪೂರ್ವರೂಪವೊಂದರಿಂದ ಮನುಷ್ಯನಿಗೆ ದಾಟಿ ಬಂದುದೆಂದು.

ಯಾವಾಗ ದಾಟಿತು? 2010ರಲ್ಲಿ ಪ್ರಕಟವಾದ ಗಣನೆಯೊಂದು ಕ್ರಿ.ಶ. 11–12ನೆಯ ಶತಮಾನವನ್ನು ಹೇಳಿತು. 2020ರಲ್ಲಿ, ಬರ್ಲಿನ್ನಿನಲ್ಲಿ 1912ರಿಂದ ಕಾಪಾಡಿದ್ದ ಒಂದು ಮಗುವಿನ ಶ್ವಾಸಕೋಶದಿಂದ ವೈರಾಣುವಿನ ಬರಹವನ್ನು ಓದಿದವರು ಎರಡು ವಂಶಗಳ ಅಗಲಿಕೆಯನ್ನು ಕ್ರಿ.ಪೂ. 6ನೆಯ ಶತಮಾನದವರೆಗೂ ಹಿಂದಕ್ಕೆ ಒಯ್ಯಬಹುದೆಂದರು. ಈ ಎರಡನೆಯ ಗಣನೆಯು ಗಟ್ಟಿಯಾದ ಆಧಾರದ ಮೇಲೆ ನಿಂತಿದೆ. ಆದರೆ ವಂಶಗಳು ಅಗಲಿದ ಕಾಲವೂ ಮನುಷ್ಯನಿಗೆ ದಾಟಿದ ಕಾಲವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಇದರಿಂದ ಬ್ರಹ್ಮಗಿರಿಯ ದನದ ದೊಡ್ಡಿಗಳೇ ದಡಾರದ ಜನ್ಮಸ್ಥಾನವೆಂದು ಹಿಗ್ಗುವುದಕ್ಕೂ ಅವಕಾಶವಿಲ್ಲ. ದಡಾರವು ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ಆದುದರಿಂದ ಅದು ನಿರಂತರವಾಗಿ ಉಳಿಯಬೇಕಾದರೆ ಹೊಸ ಮಕ್ಕಳು ಎಡೆಬಿಡದೆ ಹುಟ್ಟುವ, ಎರಡೂವರೆ ಮೂರು ಲಕ್ಷ ಜನರು ಸೇರಿದ ನಗರವೋ ನಾಡೋ ಇರಬೇಕೆಂದು ಬಾರ್ಟ್ಲೆಟ್ ಎಂಬ ಗಣಿತಜ್ಞರು 1950ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದರು. ಇಸಿಲವು ಅಷ್ಟು ದೊಡ್ಡ ಪಟ್ಟಣವಾಗಿರಲಿಲ್ಲ. ವೈರಾಣು ಇಂಥ ಹಟ್ಟಿಗಳಲ್ಲಿ ದನದಿಂದ ಮಗುವಿಗೆ ಎಷ್ಟೋ ಸಲ ದಾಟಿದ್ದರೂ ದಾಟಿದಲ್ಲಿಯೇ ಆರಿಹೋಗಿರಬೇಕು.

ಇಷ್ಟು ಚರಿತ್ರೆಯಾದ ಮೇಲೆ ಆ ಪ್ರೋಟೀನಿನ ಕಡೆಗೆ ತಿರುಗಬಹುದು. ಸಾಹಿತ್ಯಾಭ್ಯಾಸಿಗಳಿಗೆ ಅದು ಅಷ್ಟೇನೂ ಅಪರಿಚಿತವಾದ ಲೋಕವಲ್ಲ. ಏಕೆಂದರೆ ಅಲ್ಲಿಯದು ಅಕ್ಷರಗಳ ವ್ಯವಹಾರ. ದಡಾರದ ವೈರಾಣುವಿನ ಸಮಸ್ತ ಗ್ರಂಥವೂ ನಾಲ್ಕೇ ಅಕ್ಷರಗಳಿಂದ ಬರೆದ, 15,894 ಅಕ್ಷರಗಳ ಒಂದು ಎಳೆ. ಅದರಲ್ಲಿ ಆರು ಜೀನುಗಳಿವೆ. ಕಣವು ಈ ಅಕ್ಷರಗಳನ್ನು ಮೂರು ಮೂರಾಗಿ ಓದಿಕೊಂಡು, ಒಂದೊಂದು ಮೂರಕ್ಕೆ ಒಂದೊಂದು ಅಮೈನೋ ಆಮ್ಲವನ್ನು ಪೋಣಿಸುತ್ತ ಪ್ರೋಟೀನನ್ನು ಕಟ್ಟುವುದು. ಛಂದಸ್ಸಿನ ಅಕ್ಷರಗಣಗಳಿಗೂ ಮೂರೇ ಅಕ್ಷರವಲ್ಲವೆ? ಉತ್ಪಲಮಾಲೆಯ ಪಾದದ ನಡುವೆ ಲಿಪಿಕಾರನು ತಪ್ಪಿ ಒಂದು ಅಕ್ಷರವನ್ನು ಹೆಚ್ಚಾಗಿ ಬರೆದನೆಂದರೆ ಅಲ್ಲಿಯವರೆಗಿನ ಗಣಗಳು ಹಾಗೆಯೇ ಇದ್ದು, ಅಲ್ಲಿಂದ ಮುಂದಿನ ಗಣಗಳೆಲ್ಲ ಸ್ಥಾನತಪ್ಪಿ ಬೇರೆಯಾಗುವುವು.

ವೈರಾಣುವು ಇದನ್ನು ತಪ್ಪಾಗಿ ಅಲ್ಲ, ಕ್ರಮವಾಗಿಯೇ ಮಾಡುತ್ತದೆ. ‘ಪಿ’ ಎಂಬ ಜೀನನ್ನು ನಕಲು ಮಾಡುವಾಗ ಒಂದು ನಿಯತ ಸ್ಥಾನದಲ್ಲಿ, ಕೆಲವು ಪ್ರತಿಗಳಲ್ಲಿ ಮಾತ್ರ, ‘ಜಿ’ ಎಂಬ ಅಕ್ಷರವೊಂದನ್ನು ಹೆಚ್ಚಾಗಿ ಸೇರಿಸುವುದು. ಇದನ್ನು ಕಟಾನಿಯೊ ಮತ್ತು ಅವರ ಸಂಗಡಿಗರು 1989ರಲ್ಲಿ ಕಂಡುಹಿಡಿದರು. ಅಕ್ಷರ ಸೇರದ ಪ್ರತಿಯಿಂದ 507 ಅಮೈನೋ ಆಮ್ಲಗಳ ‘ಪಿ’ ಪ್ರೋಟೀನು ಆಗುತ್ತದೆ. ಅದು ವೈರಾಣುವಿನ ಸಂತಾನವೃದ್ಧಿಗೆ ಬೇಕಾದುದು. ಅಕ್ಷರ ಸೇರಿದ ಪ್ರತಿಯಿಂದ 299 ಅಮೈನೋ ಆಮ್ಲಗಳ ‘ವಿ’ ಪ್ರೋಟೀನು ಆಗುತ್ತದೆ. ಎರಡಕ್ಕೂ ಮೊದಲ 231 ಒಂದೇ. ‘ವಿ’ಯ ಕೊನೆಯ 68 ಮಾತ್ರ ಬೇರೆ. ಆ ಬಾಲದಲ್ಲಿ ಸಿಸ್ಟೀನ್ ಎಂಬ ಆಮ್ಲವು ಹೆಚ್ಚಾಗಿದ್ದು, ಅದು ಸತುವಿನ ಪರಮಾಣುಗಳನ್ನು ಹಿಡಿದುಕೊಂಡು ಒಂದು ನಿಶ್ಚಿತ ಆಕಾರದಲ್ಲಿ ಮಡಿಚಿ ನಿಲ್ಲುವುದು.

‘ವಿ’ಯ ಕೆಲಸವು ತಿಳಿಯಬೇಕಾದರೆ ಅದು ಕೆಡಿಸುವ ವ್ಯವಸ್ಥೆಯನ್ನು ಮೊದಲು ತಿಳಿಯಬೇಕು. ವೈರಾಣು ಹೊಕ್ಕ ಕಣವು ಸಾಯುವ ಮುನ್ನ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಗೆ ಬಿಡುವುದು. 1957ರಲ್ಲಿ ಐಸಾಕ್ಸ್, ಲಿಂಡೆನ್‌ಮನ್ ಎಂಬವರು ಇದನ್ನು ಗುರುತಿಸಿ ಹೆಸರಿಟ್ಟರು. ಹಟ್ಟಿಯ ಒಂದು ಕೊನೆಯಲ್ಲಿ ಚಿರತೆ ನುಗ್ಗಿದಾಗ ಎದ್ದ ಕೂಗಿನಂತೆ ಅದು ನೆರೆಯ ಕಣಗಳಿಗೆ ಮುಟ್ಟುತ್ತದೆ. ನೆರೆಕಣದ ಹೊರಗೋಡೆಯಲ್ಲಿ ಆ ಕೂಗನ್ನು ಕೇಳುವ ಕಿವಿಯೊಂದಿದೆ. ಕಿವಿಗೆ ಬಿದ್ದ ಸುದ್ದಿಯನ್ನು ಒಳಗಿನ ಕೋಶಕೇಂದ್ರಕ್ಕೆ ಒಯ್ಯುವ ಓಲೆಕಾರರು ಸ್ಟಾಟ್-1, ಸ್ಟಾಟ್-2 ಎಂಬ ಎರಡು ಪ್ರೋಟೀನುಗಳು. ಗೋಡೆಯ ಬಳಿ ಇವುಗಳಿಗೆ ರಂಜಕದ ಮುದ್ರೆ ಬೀಳುವುದು. ಮುದ್ರೆ ಬಿದ್ದ ಇಬ್ಬರೂ ಜೊತೆಗೂಡಿ, ಮೂರನೆಯವನೊಬ್ಬನನ್ನು ಸೇರಿಸಿಕೊಂಡು, ಕೇಂದ್ರವನ್ನು ಪ್ರವೇಶಿಸಿ, ಡಿ.ಎನ್.ಎ.ಯ ನಿಯತ ಸ್ಥಾನಗಳಲ್ಲಿ ಕುಳಿತುಕೊಳ್ಳುವರು. ಆಗ ಮಲಗಿದ್ದ ನೂರಾರು ಜೀನುಗಳು ಎಚ್ಚರಗೊಂಡು ವೈರಾಣುವಿಗೆ ಪ್ರತಿಕೂಲವಾದ ವಸ್ತುಗಳನ್ನು ಮಾಡತೊಡಗುವುವು. ಈ ಮಾರ್ಗವೆಲ್ಲ 1990ರ ದಶಕದ ಆರಂಭದಲ್ಲಿ ಸ್ಪಷ್ಟವಾಯಿತು.

‘ವಿ’ ಪ್ರೋಟೀನು ಹಿಡಿಯುವುದು ಈ ಓಲೆಕಾರರನ್ನೇ. 2003ರಲ್ಲಿ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ನಡೆದ ಸಂಶೋಧನೆಗಳಿಂದ ಇದು ಹೊರಬಿತ್ತು. ಬಾಲದ ಭಾಗದಿಂದ ಸ್ಟಾಟ್-2ನ್ನೂ, ‘ಪಿ’ಯೊಡನೆ ಸಮಾನವಾದ ಮುಂಭಾಗದಿಂದ ಸ್ಟಾಟ್-1ನ್ನೂ ಅದು ತಡೆಹಿಡಿಯುವುದು. ಮುಂಭಾಗದ ಈ ಹಿಡಿತಕ್ಕೆ 110ನೆಯ ಸ್ಥಾನದ ಟೈರೋಸಿನ್ ಎಂಬ ಒಂದೇ ಅಮೈನೋ ಆಮ್ಲವು ಅತ್ಯವಶ್ಯವೆಂದು ಆಮೇಲೆ ತಿಳಿಯಿತು. ಮಂಗಬಾವು ಮೊದಲಾದ ರೋಗಗಳ ವೈರಾಣುಗಳಲ್ಲಿಯೂ ‘ವಿ’ ಪ್ರೋಟೀನು ಉಂಟು. ಅವುಗಳಲ್ಲಿ ಅದು ಓಲೆಕಾರನನ್ನು ನಾಶಮಾಡಿಯೇ ಬಿಡುವುದು. ದಡಾರದ ‘ವಿ’ ಹಾಗೆ ಮಾಡದು. ಓಲೆಕಾರನು ಜೀವದಿಂದಿದ್ದೂ ಅರಮನೆಯ ಬಾಗಿಲನ್ನು ಮುಟ್ಟದಂತೆ ಹೊರಗೆ ಹಿಡಿದಿಡುವುದು. ಮುದ್ರೆ ಬೀಳುವುದಕ್ಕೆ ಮೊದಲೇ ಹಿಡಿಯುವುದೋ, ಬಿದ್ದ ಮೇಲೆ ಹಿಡಿಯುವುದೋ ಎಂಬ ವಿಷಯದಲ್ಲಿ ವಿದ್ವಾಂಸರ ಪ್ರಯೋಗಗಳು ಒಂದೇ ಉತ್ತರವನ್ನು ಕೊಟ್ಟಿಲ್ಲ. ಕಣದ ಜಾತಿಯಿಂದಲೂ ವೈರಾಣುವಿನ ತಳಿಯಿಂದಲೂ ಈ ಭೇದ ಬಂದಿರಬಹುದು. ಫಲದಲ್ಲಿ ಮಾತ್ರ ಸಂದೇಹವಿಲ್ಲ: ಸುದ್ದಿ ಮುಟ್ಟುವುದಿಲ್ಲ, ಜೀನುಗಳು ಏಳುವುದಿಲ್ಲ. ‘ವಿ’ಯನ್ನು ತೆಗೆದ ವೈರಾಣುವು ಕೋತಿಗಳ ಮೈಯಲ್ಲಿ ಬಲಗುಂದುವುದೆಂದು 2008ರ ಪ್ರಯೋಗದಿಂದ ತಿಳಿದುಬಂದಿದೆ.

ದೊಡ್ಡರೋಗದ ವೈರಾಣುವಿಗೂ ಇದೇ ವಿದ್ಯೆ ಬರುತ್ತಿತ್ತೆಂದು ನಂದಾ ಮತ್ತು ಬ್ಯಾರನ್ ಎಂಬ ಸಂಶೋಧಕರು 2006ರಲ್ಲಿ, ರೋಗವು ಅಳಿದ ಘೋಷಣೆಗೆ ಐದು ವರ್ಷ ಮುಂಚೆ, ತೋರಿಸಿದರು. ಬಾಂಧವ್ಯವು ಹೊರಗಿನ ರೂಪದಲ್ಲಿ ಮಾತ್ರವಲ್ಲ, ಮೋಸದ ಕ್ರಮದಲ್ಲಿಯೂ ಇದೆ. ಎರಡು ವೈರಾಣುಗಳೂ ಮೊದಲು ಹುಡುಕುವುದು ರೋಗರಕ್ಷಕ ಕಣಗಳನ್ನೇ. ಆ ಕಣಗಳ ಮೈಮೇಲಿರುವ ಸ್ಲ್ಯಾಮ್ ಎಂಬ ಪ್ರೋಟೀನೇ ದಡಾರಕ್ಕೆ ಬಾಗಿಲೆಂದು ಜಪಾನಿನ ಯಾನಗಿ ಮತ್ತು ಅವರ ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ದನದಲ್ಲಿಯೂ ನಾಯಿಯಲ್ಲಿಯೂ ಅದೇ ಬಾಗಿಲೆಂದು ಮರುವರ್ಷ ತಿಳಿಯಿತು. ಕಾವಲುಗಾರನ ಮನೆಗೇ ಮೊದಲು ಕನ್ನ.

ಇದರ ಪರಿಣಾಮವನ್ನು ಹಳೆಯ ವೈದ್ಯರೊಬ್ಬರು ಹೊರಗಿನಿಂದಲೇ ಕಂಡಿದ್ದರು. ವಿಯೆನ್ನದ ಫಾನ್ ಪಿರ್ಕೆ ಅವರು 1908ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಕ್ಷಯದ ಪರೀಕ್ಷೆಗಾಗಿ ತೊಗಲಿಗೆ ಚುಚ್ಚಿದಾಗ ಕೆಂಪಗೆ ಊದಿಕೊಳ್ಳುತ್ತಿದ್ದ ಮಕ್ಕಳಲ್ಲಿ, ದಡಾರ ಬಂದ ದಿನಗಳಲ್ಲಿ, ಆ ಊತವು ಬರುತ್ತಿರಲಿಲ್ಲ. ದೇಹವು ತಾನು ಹಿಂದೆ ಕಂಡಿದ್ದ ಶತ್ರುವನ್ನು ಗುರುತಿಸಲಾರದೆ ಹೋಗಿತ್ತು. 2019ರಲ್ಲಿ ನೆದರ್ಲೆಂಡ್ಸಿನ 77 ಮಂದಿ ಲಸಿಕೆಯಿಲ್ಲದ ಮಕ್ಕಳ ರಕ್ತವನ್ನು ದಡಾರಕ್ಕೆ ಮುಂಚೆಯೂ ಆಮೇಲೆಯೂ ಪರೀಕ್ಷಿಸಿದಾಗ, ಬೇರೆ ಬೇರೆ ರೋಗಗಳ ವಿರುದ್ಧ ಅವರು ಗಳಿಸಿದ್ದ ಪ್ರತಿವಸ್ತುಗಳ ಸಂಗ್ರಹದಲ್ಲಿ ನೂರಕ್ಕೆ 11ರಿಂದ 73ರವರೆಗೆ ನಷ್ಟವಾಗಿದ್ದುದು ಕಂಡಿತು. ಈ ಮರೆವೆಲ್ಲ ‘ವಿ’ಯೊಂದರಿಂದಲೇ ಆದುದೆಂದು ಹೇಳಲಾಗದು, ನೆನಪನ್ನು ಇಟ್ಟುಕೊಂಡಿರುವ ಕಣಗಳನ್ನು ವೈರಾಣು ನೇರವಾಗಿ ಹೊಕ್ಕು ಅಳಿಸುವುದೇ ಅದಕ್ಕೆ ಹೆಚ್ಚು ಕಾರಣ. ‘ವಿ’ಯದು ಬಾಗಿಲು ತೆರೆದಿಡುವ ಕೆಲಸ. ದಡಾರದಿಂದ ಸತ್ತ ಮಕ್ಕಳಲ್ಲಿ ಬಹುಮಂದಿ ದಡಾರದಿಂದ ನೇರವಾಗಿ ಸಾಯದೆ, ಅದರ ಬೆನ್ನಿಗೆ ಬಂದ ನ್ಯುಮೋನಿಯ, ಭೇದಿಗಳಿಂದ ಸಾಯುವುದರ ರಹಸ್ಯವಿದು.

ಇಲ್ಲಿ ಮೊದಲಿನ ಪ್ರಶ್ನೆಗೆ ಹಿಂದಿರುಗಬೇಕು. ದೊಡ್ಡರೋಗ, ದಡಾರಗಳನ್ನು ಒಬ್ಬಳೇ ಮಾರಮ್ಮನ ಲೀಲೆಯೆಂದು ತಿಳಿದ ಜನಕ್ಕೆ ಅವುಗಳ ರಕ್ತಸಂಬಂಧವು ಗೊತ್ತಿತ್ತೆಂದು ಸಾಧಿಸುವುದು ಸುಲಭ. ಸುಲಭವಾದುದರಿಂದಲೇ ಅದನ್ನು ಶಂಕಿಸಬೇಕು. ಹೆನ್ರಿ ವೈಟ್‌ಹೆಡ್ ಅವರು 1916ರ ತಮ್ಮ ಗ್ರಂಥದಲ್ಲಿ ದಕ್ಷಿಣದ ಗ್ರಾಮದೇವತೆಗಳ ಅಧಿಕಾರವನ್ನು ವರ್ಣಿಸುತ್ತ ಸಿಡುಬು, ಕಾಲರ, ದನದ ಬೇನೆಗಳನ್ನು ಒಟ್ಟಿಗೆ ಹೇಳಿದ್ದಾರೆ. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದಾಗ ಅದೂ ಅದೇ ತಾಯಿಯ ಪಾಲಿಗೆ ಬಂದು ಪ್ಲೇಗಮ್ಮನ ಗುಡಿಗಳೆದ್ದುವು. ಕಾಲರ, ಪ್ಲೇಗುಗಳು ಬ್ಯಾಕ್ಟೀರಿಯಗಳಿಂದ ಬರುವುವು. ಸಿಡುಬು ವೈರಾಣುವಿನದೇ ಆದರೂ ಬೇರೆ ವಂಶದ್ದು. ಮಾರಮ್ಮನ ಮನೆಯಲ್ಲಿ ಇವೆಲ್ಲಕ್ಕೂ ಎಡೆಯುಂಟು. ಹಾಗಿರಲು ದೊಡ್ಡರೋಗವೂ ದಡಾರವೂ ಅಲ್ಲಿ ಒಟ್ಟಿಗೆ ಕುಳಿತುದು ಬಾಂಧವ್ಯದಿಂದಲ್ಲ. ಒಂದೇ ರೀತಿಯಲ್ಲಿ ಥಟ್ಟನೆ ಬಂದು, ಮನೆಯಿಂದ ಮನೆಗೆ, ಮಂದೆಯಿಂದ ಮಂದೆಗೆ ಹರಡುವ ಸಾದೃಶ್ಯದಿಂದ. ಜಾನಪದದ ವರ್ಗೀಕರಣವು ರೋಗದ ನಡಿಗೆಯನ್ನು ನೋಡಿ ಮಾಡಿದುದು, ಅದರ ಹುಟ್ಟನ್ನು ನೋಡಿ ಅಲ್ಲ.

ಹೀಗೆಂದು ಹೇಳಿದರೆ ಅದನ್ನು ತಿರಸ್ಕರಿಸಿದಂತಾಗುವುದಿಲ್ಲ. ನಡಿಗೆಯನ್ನು ಜನರು ಚೆನ್ನಾಗಿಯೇ ನೋಡಿದ್ದರು. ಮಾರಿಯನ್ನು ಗಡಿ ದಾಟಿಸುವ ಆಚಾರದಲ್ಲಿ ರೋಗವು ಊರಿಂದೂರಿಗೆ ಸಾಗುವುದೆಂಬ ತಿಳಿವಳಿಕೆಯುಂಟು. ಒಂದು ಹಗಲು ಊರೆಲ್ಲವನ್ನೂ ಖಾಲಿಮಾಡಿ, ದನಕರುಗಳನ್ನೂ ಹೊಡೆದುಕೊಂಡು ಹೊರಗೆ ಹೋಗಿ ಅಡುಗೆ ಮಾಡಿ ಉಣ್ಣುವ ಹೊರಬೀಡಿನಲ್ಲಿ ಮನುಷ್ಯನೂ ಪಶುವೂ ಒಂದೇ ಅಪಾಯಕ್ಕೆ ಗುರಿಯೆಂಬ ಭಾವನೆಯುಂಟು. ಆದರೆ ಗಡಿ ದಾಟಿಸಿದ ಮಾರಿಯು ನೆರೆಯೂರಿನ ಗಡಿಯೊಳಗೆ ಬಂದಂತಾಯಿತೆಂಬುದನ್ನು ಮರೆಯಬಾರದು. ದಡಾರವು ಅಮ್ಮನ ಆಟವೆಂದು ಸುಮ್ಮನಿದ್ದ ಮನೆಯಲ್ಲಿ, ಮೈಮೇಲಿನ ಗುಳ್ಳೆ ಇಳಿದ ಬಳಿಕವೂ ತಿಂಗಳುಗಟ್ಟಲೆ ಮಗುವು ಬೇರೆ ರೋಗಗಳಿಗೆ ಸುಲಭವಾದ ತುತ್ತಾಗಿರುತ್ತಿತ್ತು. ಅಮ್ಮ ಹೋದಳೆಂದು ನೀರು ಹಾಕಿದ ದಿನವೇ ಅಪಾಯ ಮುಗಿಯುತ್ತಿರಲಿಲ್ಲ. ಲಸಿಕೆಯಿಂದ ಆಗುವ ಪ್ರಯೋಜನವು ದಡಾರವೊಂದನ್ನು ತಪ್ಪಿಸುವುದಕ್ಕಿಂತ ಎಷ್ಟೋ ಹೆಚ್ಚೆಂಬುದಕ್ಕೆ ಇದೇ ಕಾರಣ. ಸಾರ್ವತ್ರಿಕ ಲಸಿಕೆಯ ಕಾರ್ಯಕ್ರಮದಲ್ಲಿ ಅದು 1985ರಲ್ಲಿ ಸೇರಿತು. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲ ಅಭಿಯಾನವು ದೇಶದಲ್ಲಿ ಮೊದಲು ಪ್ರಾರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳೆಲ್ಲರೂ ಅದಕ್ಕೆ ಸೇರಿದ್ದರು.

ಈ ವೈರಾಣುವಂಶದ ಇನ್ನೊಂದು ಕವಲು ಕುರಿಮೇಕೆಗಳಿಗೆ ಪಿ.ಪಿ.ಆರ್. ಎಂಬ ರೋಗವನ್ನು ತರುವುದು. ಇಂಡಿಯಾದಲ್ಲಿ ಅದನ್ನು ಮೊದಲು ಗುರುತಿಸಿದುದು 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ. ಅದನ್ನು ಗುರುತಿಸಿದವರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಎಂ. ಎಸ್. ಶೈಲಾ ಅವರು ಒಬ್ಬರು. ದೊಡ್ಡರೋಗದ ವೈರಾಣು ತನ್ನ ಗ್ರಂಥವನ್ನು ನಕಲು ಮಾಡುವ ಕ್ರಮದ ಮೇಲೆಯೂ, ಅದರಲ್ಲಿ ಮೇಲೆ ಹೇಳಿದ ‘ಪಿ’ ಪ್ರೋಟೀನಿನ ಪಾತ್ರದ ಮೇಲೆಯೂ ಅವರೂ ಅವರ ಶಿಷ್ಯರೂ ಬಹುಕಾಲ ಕೆಲಸ ಮಾಡಿದರು. ದನದ ದಾಯಾದಿಯು ಅಳಿದರೂ ಕುರಿಯ ದಾಯಾದಿಯು ಅಳಿದಿಲ್ಲ; ಚಳ್ಳಕೆರೆಯ ಕಂಬಳಿ ನೇಯುವವರಿಗೂ ಕುರಿರೊಪ್ಪಗಳಿಗೂ ಅದು ಇಂದಿಗೂ ಭಯವೇ. ಅದಕ್ಕೆ ಲಸಿಕೆಯುಂಟು, ಅದನ್ನೂ ಭೂಮಿಯಿಂದ ಅಳಿಸುವ ಪ್ರಯತ್ನವು ನಡೆಯುತ್ತಿದೆ.

ಅದೇ ಸಂಸ್ಥೆಗೆ 2009ರ ಸುಮಾರಿಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ 1,500 ಎಕರೆ ಭೂಮಿಯನ್ನು ಕೊಡಲಾಯಿತು. ಅದು ಅಮೃತಮಹಲ್ ಕಾವಲಿನ ನೆಲ. ತಲೆತಲಾಂತರದಿಂದ ಆ ಹುಲ್ಲುಗಾವಲಿನಲ್ಲಿ ಕುರಿದನಗಳನ್ನು ಮೇಯಿಸುತ್ತಿದ್ದ ಸುತ್ತಲಿನ ಊರುಗಳವರು ಇದಕ್ಕೂ, ಇದರ ಜೊತೆಗೆ ಬೇರೆ ಸಂಸ್ಥೆಗಳಿಗೆ ಕೊಟ್ಟ ಇನ್ನೂ ಹೆಚ್ಚಿನ ಭೂಮಿಗೂ ಆಕ್ಷೇಪವನ್ನೆತ್ತಿ ಹಸಿರು ನ್ಯಾಯಾಧಿಕರಣದವರೆಗೆ ಹೋದರು. ಅವರ ದೂರಿನಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾಗದು. ಕುದಾಪುರದ ಆವರಣದಲ್ಲಿ ಶಾಲಾಕಾಲೇಜುಗಳ ವಿಜ್ಞಾನದ ಉಪಾಧ್ಯಾಯರಿಗೆ ಶಿಕ್ಷಣ ಕೊಡುವ ಕೇಂದ್ರವೊಂದು ನಡೆಯುತ್ತಿದೆ. ಅಲ್ಲಿಗೆ ಬರುವವರಲ್ಲಿ ನಾಡಿನ ಹಳ್ಳಿಗಳ ಉಪಾಧ್ಯಾಯರೂ ಇರುತ್ತಾರೆ.